ಗ್ರೂಪ್ ಫೋಟೋದಲ್ಲಿ ಹಿಂದಿನ ಸಾಲು ಮಸುಕಾಗುತ್ತಿತ್ತು, ಸರಿಯಾಗಿದ್ದು ಹೀಗೆ

50 ಎಂಎಂ ಲೆನ್ಸ್, ಎಪಿಎಸ್-ಸಿ (ಮಧ್ಯಮ ಗಾತ್ರದ ಸೆನ್ಸರ್‌ನ) ಕ್ಯಾಮೆರಾ, ಎರಡು ಸಾಲಿನಲ್ಲಿ ನಿಂತ ಜನ. ಮುಂದಿನವರ ರೆಪ್ಪೆಗೂದಲು ಎಣಿಸಬಹುದು, ಹಿಂದಿನವರ ಮುಖ ಮಾತ್ರ ಒದ್ದೆ ಗಾಜಿನ ಆಚೆ ಇದ್ದ ಹಾಗೆ. ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಝೂಮ್ ಮಾಡದೆ ಇದು ಗೊತ್ತೇ ಆಗುವುದಿಲ್ಲ.

ಲೆನ್ಸ್ ಒರೆಸಿದೆ. ಟ್ರೈಪಾಡ್ ಹಾಕಿದೆ. ಶಟರ್ ವೇಗ 1/500 ಸೆಕೆಂಡಿಗೆ ಏರಿಸಿದೆ. ಕೈ ಅಲುಗಿದ್ದು ಕಾರಣವೇ ಅಲ್ಲದಿದ್ದಾಗ ಇದರಿಂದ ಏನಾಗುತ್ತೆ? ಎಡಿಟಿಂಗ್‌ನಲ್ಲಿ ಶಾರ್ಪ್‌ನೆಸ್ ಜಾಸ್ತಿ ಮಾಡಿದರೆ ಚರ್ಮಕ್ಕೆ ಮರಳು ಮೆತ್ತಿದ ಹಾಗಾಯಿತು, ಅಷ್ಟೇ.

ತಪ್ಪಿದ್ದದ್ದು ಅಪರ್ಚರ್‌ನಲ್ಲಿ, ಅಂದರೆ ಲೆನ್ಸ್ ಒಳಗೆ ಬೆಳಕು ಬಿಡುವ ಕಿಂಡಿಯಲ್ಲಿ. ಸದಾ ಎಫ್/1.8ರಲ್ಲೇ ಇಟ್ಟಿದ್ದೆ. 3 ಮೀಟರ್ ದೂರದಲ್ಲಿ ಆಗ ಸ್ಪಷ್ಟವಾಗಿ ಸಿಗುವ ಆಳ ಸುಮಾರು 25 ಸೆಂಟಿಮೀಟರ್. ಎರಡು ಸಾಲು ಅದರಲ್ಲಿ ಹಿಡಿಸಲ್ಲ. ಎಫ್/8ಕ್ಕೆ ತಂದರೆ ಅದೇ ಆಳ ಒಂದು ಮೀಟರ್ ದಾಟುತ್ತದೆ. ಎಫ್ ಪಕ್ಕದ ಸಂಖ್ಯೆ ದೊಡ್ಡದಾದಷ್ಟೂ ಕಿಂಡಿ ಚಿಕ್ಕದು, ಸ್ಪಷ್ಟವಾಗಿ ಸಿಗುವ ಆಳ ಜಾಸ್ತಿ. ನನ್ನ ತಲೆ ಕೆಡಿಸಿದ್ದು ಈ ಉಲ್ಟಾ ಲೆಕ್ಕವೇ.

ಈಗ ಮೊದಲು ಮೋಡ್ ಡಯಲ್ ಅನ್ನು ಅಪರ್ಚರ್ ಪ್ರಯಾರಿಟಿಗೆ (ಕಿಂಡಿ ನಾವು ಇಡುವುದು, ಶಟರ್ ಕ್ಯಾಮೆರಾ ನೋಡಿಕೊಳ್ಳುವುದು) ತಿರುಗಿಸಿ ಎಫ್/8 ಇಡುತ್ತೇನೆ. ಆಮೇಲೆ ಆಟೋ ಐಎಸ್‌ಒ (ಬೆಳಕಿಗೆ ತಕ್ಕಂತೆ ಸೂಕ್ಷ್ಮತೆಯನ್ನು ಕ್ಯಾಮೆರಾವೇ ಹೊಂದಿಸುವುದು): ಮಿತಿ 3200, ಕನಿಷ್ಠ ಶಟರ್ 1/125. ಇದನ್ನು ಬಿಡಬೇಡಿ. ಎಫ್/1.8ರಿಂದ ಎಫ್/8ಕ್ಕೆ ಹೋದರೆ ಬೆಳಕು ಸುಮಾರು 20 ಪಟ್ಟು ಕಡಿಮೆ. ಐಎಸ್‌ಒ 100ರಲ್ಲೇ ಬಿಟ್ಟರೆ ಶಟರ್ ನಿಧಾನವಾಗಿ ಎಲ್ಲರೂ ಅಲುಗಿದ ಹಾಗೆ ಬರುತ್ತಾರೆ. ಕೊನೆಗೆ ಸಿಂಗಲ್ ಪಾಯಿಂಟ್ ಫೋಕಸ್, ಚುಕ್ಕಿ ಮುಂದಿನ ಸಾಲಿನ ನಡುವಿನವರ ಕಣ್ಣಿನ ಮೇಲೆ.

ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿ ಇರುವ ಕ್ಯಾಮೆರಾ) ಆದರೆ ಕಣ್ಣಿಟ್ಟು ನೋಡುವ ವ್ಯೂಫೈಂಡರ್ ನಂಬಬೇಡಿ, ಅದು ತೋರಿಸುವುದು ಲೆನ್ಸ್ ಪೂರ್ತಿ ತೆರೆದಿದ್ದಾಗಿನ ನೋಟ. ಒಂದು ಫೋಟೋ ತೆಗೆದು, ಹಿಂದಿನ ಸಾಲಿನ ತುದಿಯವರ ಮುಖಕ್ಕೆ ಝೂಮ್ ಮಾಡಿ ನೋಡಿ.