ಗ್ಯಾಸ್ ಅನಲೈಸರ್ ಇಲ್ಲದೆ ವಿಓ2 ಮ್ಯಾಕ್ಸ್: ಸ್ಟೆಪ್ ಟೆಸ್ಟ್ ಸರಿಯಾಗಿ ಮಾಡುವ ಬಗೆ

ಮಲೆನಾಡಿನ ಸಣ್ಣ ವಿಶ್ವವಿದ್ಯಾಲಯದಲ್ಲಿ ದೈಹಿಕ ಶಿಕ್ಷಣ ಓದುವವರಿಗೆ ಉಸಿರಿನ ಆಮ್ಲಜನಕ ಅಳೆಯುವ ಗ್ಯಾಸ್ ಅನಲೈಸರ್ ಸಿಗದೇ ಇರಬಹುದು. ಆದರೂ ವಿಓ2 ಮ್ಯಾಕ್ಸ್, ಅಂದರೆ ದೇಹ ಒಂದು ನಿಮಿಷದಲ್ಲಿ ಬಳಸಬಲ್ಲ ಗರಿಷ್ಠ ಆಮ್ಲಜನಕವನ್ನು, ಮೆಟ್ಟಿಲು ಹತ್ತಿಳಿದು ನಾಡಿ ಎಣಿಸುವ ಕ್ವೀನ್ಸ್ ಕಾಲೇಜ್ ಸ್ಟೆಪ್ ಟೆಸ್ಟಿನಿಂದ ಅಂದಾಜು ಮಾಡಬಹುದು. ಬೇಕಾಗುವುದು ಮೆಟ್ಟಿಲು, ಸ್ಟಾಪ್‌ವಾಚ್, ಒಂದೇ ಲಯದಲ್ಲಿ ಸದ್ದು ಕೊಡುವ ಮೊಬೈಲಿನ ಮೆಟ್ರೊನೋಮ್ ಆ್ಯಪ್, ಮತ್ತು ನಾಡಿ ಎಣಿಸಲು ಪಳಗಿದ ಬೆರಳು.

ಮೆಟ್ಟಿಲ ಎತ್ತರ 41.3 ಸೆಂ.ಮೀ. ಇರಲೇಬೇಕು. ಕ್ರೀಡಾಂಗಣದ ಮೆಟ್ಟಿಲನ್ನೋ ಮನೆಯ ಜಗಲಿಯನ್ನೋ ಕಣ್ಣಳತೆಯಲ್ಲಿ ನಂಬಬೇಡಿ, ಟೇಪ್ ಹಿಡಿದು ಅಳೆಯಿರಿ. ತಗ್ಗಾದರೆ ಕೆಲಸ ಕಡಿಮೆ, ನಾಡಿ ಕಡಿಮೆ, ಫಲಿತಾಂಶ ಇರುವುದಕ್ಕಿಂತ ಹೆಚ್ಚಾಗಿ ಕಾಣುತ್ತದೆ. ಮಳೆಗಾಲದಲ್ಲಿ ಪಾಚಿ ಕಟ್ಟಿದ ಕಲ್ಲಿನ ಮೇಲೆ ಮಾತ್ರ ಮಾಡಿಸಲೇಬೇಡಿ; ಒಳಗೆ ಅಲುಗದ ಮರದ ಬೆಂಚೇ ಒಳ್ಳೆಯದು. ಹೃದಯದ ತೊಂದರೆ, ಎದೆನೋವು, ಮಂಡಿನೋವು ಇರುವವರನ್ನು ಹತ್ತಿಸಬಾರದು. ಯಾರಿಗಾದರೂ ತಲೆ ಸುತ್ತಿದರೆ ತಕ್ಷಣ ನಿಲ್ಲಿಸಿ.

ಗಂಡಸರಿಗೆ ಮೆಟ್ರೊನೋಮ್ ನಿಮಿಷಕ್ಕೆ 96 ಸದ್ದಿಗೆ, ಹೆಂಗಸರಿಗೆ 88ಕ್ಕೆ ಇಡಿ. ಒಂದೊಂದು ಸದ್ದಿಗೆ ಒಂದೊಂದು ಹೆಜ್ಜೆ: ಮೇಲೆ, ಮೇಲೆ, ಕೆಳಗೆ, ಕೆಳಗೆ. ಹಾಗಾಗಿ ನಿಮಿಷಕ್ಕೆ 24 ಅಥವಾ 22 ಸಲ ಹತ್ತಿಳಿದಂತಾಗುತ್ತದೆ. ಒಟ್ಟು 3 ನಿಮಿಷ. ಮೇಲೆ ಹತ್ತಿದಾಗ ಮಂಡಿ ಪೂರ್ತಿ ನೇರವಾಗಬೇಕು. ದಣಿದವರು ಬಗ್ಗಿಕೊಂಡೇ ಇಳಿದುಬಿಡುತ್ತಾರೆ, ಅದನ್ನು ಪಕ್ಕದಲ್ಲಿ ನಿಂತವರು ಗಮನಿಸಬೇಕು.

ಪರೀಕ್ಷೆಯ ಜೀವಾಳ ಮುಂದಿನ 20 ಸೆಕೆಂಡು. ಹತ್ತಿಳಿಯುವುದು ಮುಗಿದ ಕೂಡಲೇ ಕುಳಿತುಕೊಳ್ಳದೆ ಹಾಗೇ ನಿಂತಿರಲಿ. ಮೊದಲ 5 ಸೆಕೆಂಡಿನಲ್ಲಿ ಗಂಟಲಿನ ಪಕ್ಕ, ದವಡೆಯ ಕೆಳಗೆ ಎರಡು ಬೆರಳಿಟ್ಟು ನಾಡಿ ಹುಡುಕಿ. 5ರಿಂದ 20ನೇ ಸೆಕೆಂಡಿನವರೆಗೆ ಎಣಿಸಿ, ಬಂದದ್ದನ್ನು 4ರಿಂದ ಗುಣಿಸಿ. ಒತ್ತಿ ಹಿಡಿಯಬೇಡಿ, ಎರಡೂ ಬದಿ ಹಿಡಿಯಲೇಬೇಡಿ: ಅಲ್ಲಿನ ರಕ್ತದೊತ್ತಡದ ಗ್ರಾಹಕಗಳು ಕೆರಳಿ ಹೃದಯಬಡಿತವೇ ಇಳಿಯುತ್ತದೆ. ತಡವಾಗಿ ಎಣಿಸಿದರೂ ಅದೇ ಗತಿ, ಯಾಕೆಂದರೆ ನಿಂತ ಮೇಲೆ ನಾಡಿ ಬೇಗ ತಗ್ಗುತ್ತದೆ.

ಲೆಕ್ಕ ಹೀಗೆ. ಗಂಡಸರಿಗೆ 111.33ರಿಂದ, ನಾಡಿಯನ್ನು 0.42ರಿಂದ ಗುಣಿಸಿ ಬಂದದ್ದನ್ನು ಕಳೆಯಿರಿ. ಹೆಂಗಸರಿಗೆ 65.81ರಿಂದ, ನಾಡಿಯನ್ನು 0.1847ರಿಂದ ಗುಣಿಸಿ ಕಳೆಯಿರಿ. ಹುಡುಗನೊಬ್ಬನ ಎಣಿಕೆ 37 ಆದರೆ ನಾಡಿ 148, ಉತ್ತರ 49.17, ಅಂದರೆ ದೇಹತೂಕದ ಪ್ರತಿ ಕಿಲೋಗೆ ನಿಮಿಷಕ್ಕೆ ಅಷ್ಟು ಮಿ.ಲೀ. ಆಮ್ಲಜನಕ. ಒಂದೇ ಬಡಿತ ತಪ್ಪಿ 36 ಎಂದು ಎಣಿಸಿದರೆ ಅದು 50.85 ಆಗಿಬಿಡುತ್ತದೆ. ಇಬ್ಬರು ಒಟ್ಟಿಗೆ ಎಣಿಸಿ ತಾಳೆ ನೋಡುವುದು ಇದಕ್ಕೇ. ಒಬ್ಬರು ಕತ್ತಿನಲ್ಲಿ, ಇನ್ನೊಬ್ಬರು ಮಣಿಕಟ್ಟಿನಲ್ಲಿ.

ಆಗುಂಬೆಯ ಎತ್ತರ ಫಲಿತಾಂಶ ಕೆಡಿಸೀತೇ ಎಂದರೆ, ಇಲ್ಲ. ಸುಮಾರು 1500 ಮೀಟರ್ ದಾಟಿದ ಮೇಲೆಯೇ ಎತ್ತರದ ಪರಿಣಾಮ ಎದ್ದು ಕಾಣುವುದು. ನಮ್ಮಲ್ಲಿ ತೊಂದರೆ ಕೊಡುವುದು ತೇವ. ಗಾಳಿಯಲ್ಲಿ ತೇವ ತುಂಬಿದ್ದರೆ ಬೆವರು ಆರದು, ಮೈ ಕಾಯುತ್ತದೆ, ಅದೇ ಕೆಲಸಕ್ಕೆ ನಾಡಿ ಏರುತ್ತದೆ. ಜುಲೈನ ಅಂಕಿಯನ್ನು ಜನವರಿಯದರ ಜೊತೆ ಹೋಲಿಸುವಾಗ ಇದು ನೆನಪಿರಲಿ. ಪರೀಕ್ಷೆಗೆ ಮುಂಚಿನ ಕಾಫಿಯೂ ಬೇಡ.

ಕಿನಿಸಿಯಾಲಜಿಯ, ಅಂದರೆ ದೇಹದ ಚಲನೆಯ ಶಾಸ್ತ್ರದ, ಪಾಠವೂ ಇದೇ ಬೆಂಚಿನಲ್ಲಿದೆ. ಹತ್ತುವಾಗ ತೊಡೆಯ ಮುಂಭಾಗದ ಕ್ವಾಡ್ರಿಸೆಪ್ಸ್, ಪೃಷ್ಠದ ಗ್ಲೂಟಿಯಸ್ ಮ್ಯಾಕ್ಸಿಮಸ್ ಕುಗ್ಗುತ್ತ ದೇಹವನ್ನೆತ್ತುತ್ತವೆ. ಇಳಿಯುವಾಗ ಬೆಂಚಿನ ಮೇಲುಳಿದ ಕಾಲಿನ ಕ್ವಾಡ್ರಿಸೆಪ್ಸ್ ಹಿಗ್ಗುತ್ತಲೇ ಬಲ ಹಾಕಿ ದೇಹವನ್ನು ತಡೆದು ಇಳಿಸುತ್ತದೆ. ಅಭ್ಯಾಸವಿಲ್ಲದವರಿಗೆ ಮರುದಿನ ತೊಡೆ ಹಿಡಿಯುವುದು ಮುಖ್ಯವಾಗಿ ಈ ಇಳಿತದಿಂದ. ನಡುವೆ ಮುಂದಿಡುವ ಕಾಲು ಬದಲಿಸಿದರೆ ಭಾರ ಹಂಚಿಹೋಗುತ್ತದೆ. ಆದರೆ ತಾಳ ತಪ್ಪಬಾರದು.