ಉದ್ದ ಕಾಲಿನವರಿಗೆ ವಿಮಾನದ ಸೀಟು: ನನ್ನ ಲೆಕ್ಕ, ನನ್ನ ಕ್ರಮ

ಟಿಕೆಟ್ ತೆಗೆಯುವ ಮೊದಲು ಒಂದು ಟೇಪು ಹುಡುಕಿಕೊಳ್ಳಿ. ಬೆನ್ನು, ಸೊಂಟ ಎರಡೂ ಗೋಡೆಗೆ ಅಂಟುವ ಹಾಗೆ ಸ್ಟೂಲಿನ ಮೇಲೆ ಕೂತು, ಮಂಡಿಯ ಮುಂದೆ ಗಟ್ಟಿ ರಟ್ಟಿನ ಪುಸ್ತಕವೊಂದನ್ನು ನೆಟ್ಟಗೆ ಹಿಡಿದು, ಗೋಡೆಯಿಂದ ಆ ಪುಸ್ತಕದವರೆಗೆ ಅಳೆಯಿರಿ. ನನ್ನ ಎತ್ತರ ಆರಡಿ ಮೂರಿಂಚು, ಈ ಅಳತೆ 26 ಇಂಚು. ವಿಮಾನದಲ್ಲಿ ಲೆಕ್ಕಕ್ಕೆ ಬರುವುದು ಎರಡನೆಯದೇ. ಮುಂಡ ಉದ್ದವಿದ್ದು ತೊಡೆ ಗಿಡ್ಡವಿರುವ ಆರಡಿಯವರು ಆರಾಮಾಗಿ ಕೂರುತ್ತಾರೆ, ತೊಡೆ ಉದ್ದವಿರುವ ಐದಡಿ ಹತ್ತಿಂಚಿನವರು ಒದ್ದಾಡುತ್ತಾರೆ.

ಇದರ ಜೊತೆ ಹೋಲಿಸಬೇಕಾದ್ದು ಪಿಚ್. ಗೂಗಲ್ ಫ್ಲೈಟ್ಸ್‌ನಲ್ಲಿ ಹಾರಾಟದ ವಿವರ ಬಿಚ್ಚಿದರೆ ಬಲಗಡೆ ಇಂಚಿನಲ್ಲಿ ಒಂದು ಸಂಖ್ಯೆ ಕಾಣುತ್ತದೆ. ಅದಕ್ಕೆ ಲೆಗ್‌ರೂಮ್ ಎಂದು ಹೆಸರಿಟ್ಟಿದ್ದಾರೆ. ನಂಬಬೇಡಿ, ಅದು ಕಾಲಿನ ಜಾಗವಲ್ಲ. ಒಂದು ಸೀಟಿನ ಯಾವುದೋ ಒಂದು ಬಿಂದುವಿನಿಂದ ಮುಂದಿನ ಸೀಟಿನ ಅದೇ ಬಿಂದುವಿಗಿರುವ ದೂರ ಅದು; ಪಿಚ್ ಅನ್ನುವುದು ಅದನ್ನೇ. ಬೆನ್ನೊರಗಿನ ದಪ್ಪವೂ ಅದರಲ್ಲೇ ಸೇರಿರುತ್ತದೆ. ಕ್ಯಾಬಿನ್ನಿನ ನೆಲದಲ್ಲಿ ಉದ್ದಕ್ಕೂ ಹಳಿಗಳಿವೆ, ಸೀಟಿನ ಕಾಲುಗಳು ಇಂಚಿನ ಅಂತರದಲ್ಲಿರುವ ಅವುಗಳ ತೂತುಗಳಲ್ಲಿ ಕೂರುತ್ತವೆ. ಹಾಗಾಗಿ ಒಂದೇ ವಿಮಾನದಲ್ಲೂ ಕೆಲವು ಸಾಲಿಗೆ ಇಂಚು ಹೆಚ್ಚು, ಕೆಲವಕ್ಕೆ ಇಂಚು ಕಮ್ಮಿ ಇರಬಹುದು.

ನಾನು ಹಿಡಿಯುವ ಲೆಕ್ಕ ಹೀಗಿದೆ. ತೆಳು ಬೆನ್ನಿನ ಹೊಸ ಸೀಟಾದರೆ ಪಿಚ್‌ನಿಂದ 2 ಇಂಚು ಕಳೆಯುತ್ತೇನೆ, ದಪ್ಪ ಫೋಮಿನ ಹಳೆಯ ಸೀಟಾದರೆ 3. ಪಿಚ್ 30, ತೆಳು ಸೀಟು ಎಂದರೆ ಉಳಿದದ್ದು 28; ನನ್ನ ಮಂಡಿಗೆ 2 ಇಂಚು ಬಿಡುವು. ಪಿಚ್ 29, ದಪ್ಪ ಸೀಟು ಎಂದರೆ 26. ಅಲ್ಲಿಗೆ ಮುಗಿಯಿತು, ಮುಂದಿನವರು ನೆಟ್ಟಗೆ ಕೂತಿದ್ದರೂ ಮಂಡಿ ಅವರ ಬೆನ್ನಿಗೇ. ಮಂಡಿಯ ಎತ್ತರದಲ್ಲೇ ಪತ್ರಿಕೆಯ ಜೇಬಿದ್ದರೆ ಇನ್ನಷ್ಟು ಕಷ್ಟ. ಕೂತ ತಕ್ಷಣ ಅದರಲ್ಲಿರುವ ಪತ್ರಿಕೆ, ಮೆನು ಎಲ್ಲ ತೆಗೆದು ಮೇಲಿನ ಬಿನ್ನಿಗೆ ಹಾಕಿ. ಸುರಕ್ಷತಾ ಕಾರ್ಡು ಮಾತ್ರ ಅಲ್ಲೇ ಇರಲಿ. ನೀರಿನ ಬಾಟಲಿಯನ್ನು ಆ ಜೇಬಿಗೆ ತುರುಕುವುದು ನಮ್ಮ ಕಾಲಿಗೆ ನಾವೇ ಮಾಡಿಕೊಳ್ಳುವ ದ್ರೋಹ.

ಈಗ ಒರಗುವ ವಿಷಯ. ಸೀಟಿನ ತಿರುಗಣೆ ಕೆಳಗೆ, ಸೊಂಟದ ಹತ್ತಿರ ಇರುತ್ತದೆ. ಬೆನ್ನೊರಗಿನ ತುದಿ 3 ಇಂಚು ಹಿಂದೆ ಬಂದರೆ ಮಂಡಿಯ ಮಟ್ಟದಲ್ಲಿ ಅದು ಬರುವುದು ಹೆಚ್ಚೆಂದರೆ ಒಂದು ಇಂಚು. ಗಿಡ್ಡನೆಯವರ ಮಂಡಿ ತಿರುಗಣೆಯ ಹತ್ತಿರವೇ ಇರುವುದರಿಂದ ಅವರಿಗೆ ಅದೂ ಗೊತ್ತಾಗುವುದಿಲ್ಲ. ನಮ್ಮ ಮೊಣಕಾಲ ಕೆಳಗಿನ ಭಾಗವೂ ಉದ್ದ, ಮಂಡಿ ಮೇಲೆದ್ದು ನಿಂತಿರುತ್ತದೆ, ಹಾಗಾಗಿ ಪೂರ್ತಿ ಏಟು ನಮಗೆ. ಮೊದಲ ಲೆಕ್ಕದ ಸೀಟಿನಲ್ಲಿ ಈ ಒಂದು ಇಂಚು ತಡೆಯುತ್ತದೆ, ಎರಡನೆಯದರಲ್ಲಿ ತಡೆಯುವುದಿಲ್ಲ. ಜಗಳ ಆಗುವುದೋ ಇಲ್ಲವೋ ಎನ್ನುವುದು ಬುಕಿಂಗ್ ಮಾಡುವಾಗಲೇ ಮುಕ್ಕಾಲು ಪಾಲು ತೀರ್ಮಾನವಾಗಿರುತ್ತದೆ ಎನ್ನುವುದು ಇದಕ್ಕೇ.

ಸೀಟು ಆರಿಸುವಾಗ ನನ್ನ ಮೊದಲ ಆಯ್ಕೆ ಎಕ್ಸಿಟ್ ರೋ. ಏರ್‌ಬಸ್ 320ರಲ್ಲಿ ರೆಕ್ಕೆಯ ಮೇಲೆ ಪ್ರತಿ ಬದಿಗೂ ಎರಡೆರಡು ತುರ್ತು ಬಾಗಿಲು ಇರುವುದರಿಂದ ಅಂಥ ಸಾಲು ಎರಡು. ಮೊದಲನೆಯದು ಒರಗುವುದಿಲ್ಲ, ಏಕೆಂದರೆ ಅದರ ಹಿಂದಿನ ದಾರಿ ಸದಾ ತೆರವಾಗಿರಬೇಕು. ಅದೇ ಕಾರಣಕ್ಕೆ ಅದರ ಮುಂದಿನ ಸಾಲೂ ಸಾಮಾನ್ಯವಾಗಿ ಒರಗುವುದಿಲ್ಲ. ಅಂದರೆ ಎಕ್ಸಿಟ್ ಸಾಲು ಯಾವುದೇ ಆದರೂ ನಮ್ಮ ಮೇಲೆ ಯಾರೂ ಒರಗುವುದಿಲ್ಲ, ಎರಡನೆಯ ಸಾಲಿನಲ್ಲಿ ನಾವೂ ಒರಗಬಹುದು. ದುಡ್ಡು ಕೊಡುವುದಾದರೆ ಎರಡನೆಯದಕ್ಕೇ ಕೊಡಿ. ಮೊದಲ ಎಕ್ಸಿಟ್ ಸಾಲಿನ ಮುಂದಿನದು ಶುದ್ಧ ಬಲೆ: ಒರಗುವುದಿಲ್ಲ, ಕಾಲಿಗೆ ಜಾಗವೂ ಮಾಮೂಲಿ. ಕಟ್ಟಕಡೆಯ ಸಾಲೂ ಅಷ್ಟೇ, ಹಿಂದೆ ಗೋಡೆ. ಎಕ್ಸಿಟ್ ಸಾಲಿನಲ್ಲಿ ಮಕ್ಕಳು, ಗರ್ಭಿಣಿಯರು, ಬೆಲ್ಟಿಗೆ ಎಕ್ಸ್‌ಟೆನ್ಷನ್ ಬೇಕಾದವರನ್ನು ಕೂರಿಸುವುದಿಲ್ಲ. ಟೇಕಾಫ್, ಲ್ಯಾಂಡಿಂಗ್ ಹೊತ್ತಿಗೆ ಕಾಲ ಬಳಿ ಪರ್ಸು ಕೂಡ ಇಟ್ಟುಕೊಳ್ಳುವಂತಿಲ್ಲ. ಬಾಗಿಲು ತೆಗೆಯಲು ನೆರವಾಗುತ್ತೀರಾ ಎಂದು ಸಿಬ್ಬಂದಿ ಕೇಳುತ್ತಾರೆ. ಸ್ಪಷ್ಟವಾಗಿ ಹೂಂ ಅನ್ನದಿದ್ದರೆ ಎಬ್ಬಿಸಿ ಬೇರೆ ಕಡೆ ಕಳಿಸುತ್ತಾರೆ.

ಎಲ್ಲರೂ ಹೊಗಳುವ ಮೊದಲ ಸಾಲು ನನಗೆ ಅಷ್ಟಕ್ಕಷ್ಟೆ. ಮಂಡಿಗೆ ಯಾರೂ ಅಡ್ಡವಿಲ್ಲ, ನಿಜ. ಆದರೆ ಎದುರಿಗೆ ಗೋಡೆ, ಪಾದ ಚಾಚಲು ಸೀಟಿನ ಕೆಳಗಿನ ಜಾಗವೇ ಇಲ್ಲ. ಟ್ರೇ ಆರ್ಮ್‌ರೆಸ್ಟಿನೊಳಗಿರುವುದರಿಂದ ಆರ್ಮ್‌ರೆಸ್ಟ್ ಮೇಲೇಳುವುದಿಲ್ಲ, ಸೀಟಿನ ಅಗಲವೂ ಸ್ವಲ್ಪ ಕಡಿಮೆ. ಅಗಲ ಮುಖ್ಯ, ಏಕೆಂದರೆ ಮುಂದಕ್ಕೆ ಜಾಗವಿಲ್ಲದಾಗ ಮಂಡಿಯನ್ನು ಅಗಲಿಸಿಯೇ ಕೂರಬೇಕು. ಏರ್‌ಬಸ್ 320ರ ಸೀಟು ಸುಮಾರು 18 ಇಂಚು, ಬೋಯಿಂಗ್ 737ರದ್ದು ಸುಮಾರು 17. ಪಿಚ್ ಒಂದೇ ಇದ್ದರೆ ನಾನು ಏರ್‌ಬಸ್ ಹಿಡಿಯುತ್ತೇನೆ. ಮಾಮೂಲಿ ಸಾಲಾದರೆ ಐಲ್ ಸೀಟು. ದಾರಿಯ ಕಡೆಯ ಆರ್ಮ್‌ರೆಸ್ಟಿನ ಅಡಿಯಲ್ಲಿ, ತಿರುಗಣೆಯ ಹತ್ತಿರ ಬೆರಳಾಡಿಸಿದರೆ ಅನೇಕ ಸೀಟುಗಳಲ್ಲಿ ಒಂದು ಗುಂಡಿ ಸಿಗುತ್ತದೆ; ಒತ್ತಿದರೆ ಆರ್ಮ್‌ರೆಸ್ಟ್ ಮೇಲೇಳುತ್ತದೆ. ದೊಡ್ಡ ವಿಮಾನಗಳಲ್ಲಿ ಮುಂದಿನ ಸೀಟಿನ ಕೆಳಗೆ ಟಿವಿಯ ಎಲೆಕ್ಟ್ರಾನಿಕ್ ಪೆಟ್ಟಿಗೆ ಇದ್ದರೆ ಒಂದು ಪಾದದ ಜಾಗ ಹೋಯಿತು. ಅಳತೆಗೆ ತಕ್ಕಂತೆ ಬರೆದ ಸೀಟುಗಳ ನಕ್ಷೆಗೆ ಏರೋಲೋಪಾ ಎಂಬ ಜಾಲತಾಣ ನೋಡುತ್ತೇನೆ.

ಕೂರುವುದರಲ್ಲೂ ಒಂದು ಕ್ರಮವಿದೆ. ಹಿಂದಿನ ಜೇಬಿನ ಪರ್ಸು ಹೊರಗೆ. ಸೊಂಟದ ಹಿಂದೆ ದಿಂಬು ಬೇಡ, ಅದು ಎಷ್ಟು ದಪ್ಪವೋ ಮಂಡಿ ಅಷ್ಟು ಮುಂದೆ ಹೋಗುತ್ತದೆ. ಬ್ಯಾಗು ಮುಂದಿನ ಸೀಟಿನ ಕೆಳಗಿದ್ದರೆ, ಬೆಲ್ಟಿನ ದೀಪ ಆರಿದ ಮೇಲೆ ಅದನ್ನು ಎಳೆದು ನನ್ನ ಮೀನಖಂಡದ ಹಿಂದೆ ಇಟ್ಟುಕೊಂಡು, ಪಾದ ಎರಡನ್ನೂ ಮುಂದಕ್ಕೆ ತಳ್ಳುತ್ತೇನೆ. ಪಾದ ಮುಂದೆ ಹೋದಷ್ಟೂ ಮಂಡಿ ಕೆಳಗಿಳಿಯುತ್ತದೆ, ತಿರುಗಣೆಯ ಹತ್ತಿರ ಬರುತ್ತದೆ. ವಿಮಾನ ಇಳಿಯುವ ಮೊದಲು ಬ್ಯಾಗನ್ನು ಮತ್ತೆ ಮುಂದಕ್ಕೆ ತಳ್ಳಬೇಕು.

ಮುಂದಿನವರ ಜೊತೆ ಮಾತಾಡಬೇಕಾದ್ದು ಅವರು ಗುಂಡಿ ಒತ್ತುವ ಮೊದಲು. ಒರಗಿ ಕಣ್ಣು ಮುಚ್ಚಿದವರನ್ನು ಎಬ್ಬಿಸಿ ಕೇಳಿದರೆ ಕೊಟ್ಟದ್ದನ್ನು ವಾಪಸ್ ಕೇಳಿದ ಹಾಗಾಗುತ್ತದೆ. ಸೀಟು ತಟ್ಟದೆ, ಪಕ್ಕದಿಂದ ಬಾಗಿ, “ಸರ್, ನನ್ನ ಕಾಲು ಉದ್ದ, ಮಂಡಿ ನಿಮ್ಮ ಸೀಟಿಗೇ ತಾಗ್ತಿದೆ. ಒರಗೋವಾಗ ಒಂದ್ಮಾತು ಹೇಳಿ, ಪಕ್ಕಕ್ಕೆ ತಗೋತೀನಿ” ಎಂದರೆ ಸಾಕು. ಒರಗಬೇಡಿ ಅನ್ನುತ್ತಿಲ್ಲ, ಗಮನಿಸಿ. ಹೆಚ್ಚಿನವರು ತಾವಾಗಿಯೇ ಅರ್ಧಕ್ಕೆ ನಿಲ್ಲಿಸುತ್ತಾರೆ. ಮಂಡಿ ಕೊಟ್ಟು ತಡೆಯುವುದು ಮಾತ್ರ ಕೆಟ್ಟ ಉಪಾಯ. ಗುಂಡಿ ಒತ್ತಿದರೂ ಸೀಟು ಬರದಿದ್ದಾಗ ಅವರು ಕೆಟ್ಟಿದೆ ಎಂದುಕೊಂಡು ಬೆನ್ನು ಕೊಟ್ಟು ಜೋರಾಗಿ ತಳ್ಳುತ್ತಾರೆ. ಬೀಗ ಬಿಟ್ಟಿರುವುದರಿಂದ ನೀವು ಒಂದು ಕ್ಷಣ ಸಡಿಲಬಿಟ್ಟರೆ ಪೂರ್ತಿ ಭಾರ ಮಂಡಿಚಿಪ್ಪಿನ ಮೇಲೆ. ಟ್ರೇಗೆ ಸಿಕ್ಕಿಸಿ ಸೀಟು ತಡೆಯುವ ನೀ ಡಿಫೆಂಡರ್ ಎಂಬ ಪ್ಲಾಸ್ಟಿಕ್ ತುಂಡೂ ಬಂದಿತ್ತು. 2014ರ ಆಗಸ್ಟ್‌ನಲ್ಲಿ ನೆವಾರ್ಕ್‌ನಿಂದ ಡೆನ್ವರ್‌ಗೆ ಹೊರಟ ವಿಮಾನ ಅದರ ಜಗಳದಿಂದಾಗಿ ಷಿಕಾಗೋದಲ್ಲಿ ಇಳಿಯಬೇಕಾಯಿತು.

ನಾನು ಒರಗುವಾಗಲೂ ಇದೇ ನಿಯಮ. ಒಂದು ಗಂಟೆಯ ಹಾರಾಟದಲ್ಲಿ ಒರಗುವುದೇ ಇಲ್ಲ. ಉದ್ದದ ರಾತ್ರಿಯಾದರೆ ಊಟದ ತಟ್ಟೆ ಎತ್ತಿದ ಮೇಲೆ, ಒಮ್ಮೆ ತಿರುಗಿ ನೋಡಿ, ನಿಧಾನಕ್ಕೆ. ರಾತ್ರಿ ಬಸ್ಸಿನಲ್ಲಿ ಧಡಕ್ಕನೆ ಬಿದ್ದುಕೊಳ್ಳುವ ಅಭ್ಯಾಸ ಇಲ್ಲಿ ಲ್ಯಾಪ್‌ಟಾಪ್ ಮುರಿಯುತ್ತದೆ: ಮಡಚಿದ ಟ್ರೇ ಕೂರುವ ಗುಳಿಯ ಮೇಲಂಚಿಗೆ ಹಿಂದಿನವರ ಸ್ಕ್ರೀನಿನ ತುದಿ ಸಿಕ್ಕಿಕೊಂಡಿರುತ್ತದೆ, ಸೀಟು ಕೆಳಗಿಳಿದಾಗ ಸ್ಕ್ರೀನು ಅಡಕತ್ತರಿಯಲ್ಲಿ ಅಡಿಕೆ. ಒರಗುವ ಸೀಟಿನ ಸಂದಿಗೆ ಫೋನು ಜಾರಿದರೆ ಸೀಟು ಅಲ್ಲಾಡಿಸಬೇಡಿ, ಸಿಬ್ಬಂದಿಯನ್ನು ಕರೆಯಿರಿ. ಜಜ್ಜಿದ ಬ್ಯಾಟರಿಗೆ ಬೆಂಕಿ ಹತ್ತುತ್ತದೆ. ಏಳುವಾಗ ಮುಂದಿನ ಸೀಟಿನ ತಲೆ ಹಿಡಿದು ಎಳೆಯದೆ ಸ್ವಂತ ಆರ್ಮ್‌ರೆಸ್ಟ್ ಊರಿ ಏಳಿ.

ನಾಲ್ಕು ಗಂಟೆ ಮೀರಿದ ಪ್ರಯಾಣದಲ್ಲಿ ಕಾಲಿನ ರಕ್ತ ಹೆಪ್ಪುಗಟ್ಟುವ ಅಪಾಯ ಸುಮಾರು ಎರಡು ಪಟ್ಟಾಗುತ್ತದೆ, 190 ಸೆಂಟಿಮೀಟರ್ ದಾಟಿದವರಿಗೆ ಇನ್ನೂ ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆಯ 2007ರ ವರದಿ ಹೇಳಿತ್ತು. ಐಲ್ ಸೀಟಿನ ನಿಜವಾದ ಉಪಯೋಗ ಇದು. ಯಾರನ್ನೂ ಎಬ್ಬಿಸದೆ ಎದ್ದು ಓಡಾಡಬಹುದು. ಬಿಗಿ ಸಾಕ್ಸ್ ಕೊಳ್ಳುವುದಾದರೆ ಶೂ ಸೈಜು ನೋಡಿ ಕೊಳ್ಳಬೇಡಿ, ಮೀನಖಂಡದ ಸುತ್ತಳತೆ ಕೊಟ್ಟು ಕೊಳ್ಳಿ. ಅದನ್ನು ಬೆಳಗ್ಗೆ, ಕಾಲು ಊದಿಕೊಳ್ಳುವ ಮೊದಲು ಅಳೆಯಬೇಕು.

ಬೆಂಗಳೂರಿನಿಂದ ಶಿವಮೊಗ್ಗಕ್ಕೆ ಹೋಗುವಂಥ ಎಟಿಆರ್ ಎಂಬ ಪುಟ್ಟ ವಿಮಾನ ಹತ್ತಿದರೆ ಕಾಲಿಗಿಂತ ತಲೆ ಜೋಪಾನ. ಅದರ ಒಳಗಿನ ಎತ್ತರ 191 ಸೆಂಟಿಮೀಟರ್, ಹೆಚ್ಚುಕಮ್ಮಿ ಆರಡಿ ಮೂರಿಂಚೇ.