ಪಾರಂಗ್ ಶರ್ಟ್ ಹಾಕಿಕೊಂಡು ಮದುವೆಗೆ ಹೊರಟಿದ್ದೆ

ಕೆಲಸಕ್ಕೆಂದು ಇಂಡೋನೇಷ್ಯಾದ ಜಕಾರ್ತಕ್ಕೆ ಬಂದ ಹೊಸತರಲ್ಲಿ ನನಗೆ ಬಾಟಿಕ್, ಅಂದರೆ ಮೇಣದಲ್ಲಿ ಚಿತ್ತಾರ ಬರೆದು ಬಣ್ಣ ಹಾಕುವ ಅಲ್ಲಿಯ ಬಟ್ಟೆ, ಬರೀ ಶುಕ್ರವಾರದ ಶರ್ಟ್, ಅಷ್ಟೇ. ಆವತ್ತು ಆಫೀಸಲ್ಲಿ ಎಲ್ಲರೂ ಹಾಕುತ್ತಾರೆ, ನಾನೂ ಹಾಕುತ್ತಿದ್ದೆ. ಆಮೇಲೆ ಜೊತೆಯಲ್ಲಿ ಕೆಲಸ ಮಾಡುವವನೊಬ್ಬ ಯೋಗ್ಯಕರ್ತದಲ್ಲಿ ತನ್ನ ಮದುವೆಗೆ ಕರೆದ. ಮದುವೆ ಅಂದಮೇಲೆ ಜೋರಾಗಿ ಕಾಣಬೇಕಲ್ವಾ, ಅಂಗಡಿಯಲ್ಲಿ ಕಣ್ಣಿಗೆ ಹೊಡೆಯುವಂಥದ್ದೇ ಆರಿಸಿದೆ. ಕಂದು ಬಣ್ಣದ ಮೇಲೆ ಓರೆಯಾಗಿ ಇಳಿಯುವ ದಪ್ಪ ದಪ್ಪ ಅಲೆಯಂಥ ಸಾಲುಗಳು.

ಅಲ್ಲಿ ಉಳಿದುಕೊಂಡಿದ್ದ ಮನೆಯ ಯಜಮಾನಿಯನ್ನು ನಾನು ಇಬು ಅನ್ನುತ್ತಿದ್ದೆ. ಅಲ್ಲಿ ದೊಡ್ಡ ಹೆಂಗಸರನ್ನೆಲ್ಲ ಹಾಗೇ ಕರೆಯುವುದು, ನಾವು ಅಮ್ಮಾ ಅಂದ ಹಾಗೆ. ಹಿಂದಿನ ರಾತ್ರಿ ಇಸ್ತ್ರಿ ಮಾಡಿ ನೇತುಹಾಕಿದ್ದ ಶರ್ಟ್ ನೋಡಿದವರೇ ನಿಂತುಬಿಟ್ಟರು.

"ಇದು ಮದುವೆಗೆ ಬೇಡ ಮಾಸ್."

ಮಾಸ್ ಅಂದರೆ ಅಣ್ಣಾ ಅಂದಂತೆ. ಅಷ್ಟು ಮೆತ್ತಗೆ ಹೇಳಿದರೂ ನನಗೆ ಮುಖ ಬಿಸಿಯಾಯಿತು. ನಾನು ಕೊಂಡಿದ್ದು ಪಾರಂಗ್ ಅನ್ನುವ ವಿನ್ಯಾಸ. ಹಿಂದೆ ಅಲ್ಲಿಯ ಅರಮನೆಗಳಲ್ಲಿ ರಾಜಮನೆತನದವರು ಬಿಟ್ಟರೆ ಬೇರೆಯವರು ಅದನ್ನು ಉಡುವಂತಿರಲಿಲ್ಲ. ಈಗ ಯಾವ ಅಂಗಡಿಯಲ್ಲಾದರೂ ಸಿಗುತ್ತದೆ, ಆದರೆ ಮದುವೆಗೆ ಹಾಕಿದರೆ ಗಂಡ ಹೆಂಡತಿ ಮಧ್ಯೆ ಜಗಳ ಬರುತ್ತದೆ ಅಂತ ಯೋಗ್ಯಕರ್ತ ಇರುವ ಜಾವಾ ದ್ವೀಪದ ಹಿರಿಯರು ನಂಬುತ್ತಾರೆ. ಹಳೇ ಕಾಲದ ಮಾತು ಅಂತ ತಳ್ಳಿಹಾಕುವ ಹಾಗೂ ಇಲ್ಲ. 2022ರ ಡಿಸೆಂಬರ್‌ನಲ್ಲಿ ಆಗಿನ ಅಧ್ಯಕ್ಷ ಜೋಕೋ ವಿಡೋಡೊ ಅವರ ಕಿರಿಯ ಮಗನ ಮದುವೆಯ ಸಮಾರಂಭ ಸೋಲೋ ನಗರದ ಮಂಕುನೆಗರನ್ ಅರಮನೆಯಲ್ಲಿ ನಡೆದಾಗ, ಪಾರಂಗ್ ಹಾಕಿಕೊಂಡು ಬರಬೇಡಿ ಅಂತ ಅತಿಥಿಗಳಿಗೆ ಮೊದಲೇ ಹೇಳಿದ್ದರು.

ಇಬು ತಮ್ಮ ಮಗನ ಶರ್ಟ್ ತಂದುಕೊಟ್ಟರು. ಚಿರೆಬೋನ್ ಕಡೆಯ ಮೇಘ ಮೆಂದುಂಗ್, ನೀಲಿ ಮೋಡಗಳ ಚಿತ್ತಾರ. ಹೊಟ್ಟೆ ಹತ್ತಿರ ಬಿಗಿ, ಇರಲಿ. ಮೋಡಕ್ಕೆ ಮೇಘ ಅನ್ನುತ್ತಾರಲ್ಲ ಅಂತಲೇ ನನಗೆ ಅರ್ಧ ಸಮಾಧಾನವಾಯಿತು. ಮತ್ತೆ ಉದ್ದ ತೋಳಿನದೇ ಆಗಬೇಕಂತೆ, ಗಿಡ್ಡ ತೋಳು ಆಫೀಸಿಗೆ ಸರಿ. 1970ರ ದಶಕದಲ್ಲಿ ಜಕಾರ್ತದ ಗವರ್ನರ್ ಆಗಿದ್ದ ಅಲಿ ಸಾದಿಕಿನ್ ಉದ್ದ ತೋಳಿನ ಬಾಟಿಕ್ಕನ್ನು ಸಮಾರಂಭದ ಉಡುಪು ಅಂತ ಒಪ್ಪಿದ ಮೇಲೆ ಕೋಟು ಟೈ ಇಲ್ಲದೆಯೂ ಗಂಡಸರು ದೊಡ್ಡ ಕಾರ್ಯಕ್ರಮಗಳಿಗೆ ಹೋಗುವಂತಾಯಿತು. ಆ ಸೆಖೆಯಲ್ಲಿ ಅದೇ ಪುಣ್ಯ.

ಬೆಳಿಗ್ಗೆ ಕಪ್ಪು ಪ್ಯಾಂಟು, ಶೂ ಹಾಕಿ ನೀಟಾಗಿ ಇನ್‌ಶರ್ಟ್ ಮಾಡಿಕೊಂಡು ಬಂದೆ. ಇಬು ನಕ್ಕು ಶರ್ಟನ್ನು ಹೊರಗೆ ಎಳೆದರು! ಬಾಟಿಕ್ ಶರ್ಟನ್ನು ಪ್ಯಾಂಟಿನ ಒಳಗೆ ಸೇರಿಸುವುದಿಲ್ಲ, ಹೊರಗೇ ಬಿಡಬೇಕು.

ಮಂಟಪದಲ್ಲಿ ನನಗೆ ಊಟಕ್ಕಿಂತ ಬಟ್ಟೆ ನೋಡುವುದೇ ಕೆಲಸವಾಯಿತು. ಗಂಡು ಹೆಣ್ಣು ಉಟ್ಟಿದ್ದು ಸಿದೊಮುಕ್ತಿ, ಬಾಳು ಚೆನ್ನಾಗಿರಲಿ ಅನ್ನುವ ಹಾರೈಕೆಯ ವಿನ್ಯಾಸ. ಎರಡೂ ಕಡೆಯ ಅಪ್ಪ ಅಮ್ಮ ಉಟ್ಟಿದ್ದು ತ್ರುಂತುಮ್, ಕಪ್ಪು ಬಟ್ಟೆಯ ಮೇಲೆ ಚೆಲ್ಲಿದ ನಕ್ಷತ್ರದಂಥ ಪುಟ್ಟ ಹೂಗಳು. ಮಕ್ಕಳನ್ನು ಕೈಹಿಡಿದು ನಡೆಸುವವರು ಅಂತ ಅದರ ಅರ್ಥ. ಯಾರು ಬೀಗರು, ಯಾರು ನೆಂಟರು ಅಂತ ಯಾರನ್ನೂ ಕೇಳಬೇಕಾಗಲಿಲ್ಲ, ಬಟ್ಟೆಯೇ ಹೇಳುತ್ತಿತ್ತು. ಹಾಗಾಗಿ ಅತಿಥಿಯಾಗಿ ಹೋಗುವವರು ಇವೆರಡನ್ನೂ ಬಿಟ್ಟು ಬೇರೆ ಹಾಕುವುದೇ ಮರ್ಯಾದೆ ಅಂತ ನನಗನ್ನಿಸಿತು. ಪಕ್ಕದಲ್ಲಿ ಕೂತಿದ್ದ ಅಜ್ಜ ಒಬ್ಬರು ಇನ್ನೊಂದು ಗುಟ್ಟು ಹೇಳಿಕೊಟ್ಟರು. ಸುತ್ತಿ ಉಡುವ ಬಟ್ಟೆಯ ಮುಂದಿನ ನೆರಿಗೆಯಲ್ಲಿ ಅಂಚಿನ ಬಿಳಿ ಪಟ್ಟಿ ಕಂಡರೆ ಯೋಗ್ಯಕರ್ತದ ರೀತಿ, ಒಳಗೆ ಮಡಚಿದ್ದರೆ ಸೋಲೋದ್ದು. ಆಮೇಲೆ ನಾನು ಎಲ್ಲರ ನೆರಿಗೆ ನೋಡುತ್ತಾ ಕೂತೆ, ಪೆದ್ದನ ಹಾಗೆ.

ಈಗ ಕೊಳ್ಳುವಾಗ ಜೇಬಿನ ಮೇಲೂ ಗುಂಡಿಯ ಸಾಲಿನಲ್ಲೂ ಚಿತ್ತಾರ ತುಂಡಾಗದೆ ಕೂಡುತ್ತದಾ ಅಂತ ನೋಡುತ್ತೇನೆ. ಬಟ್ಟೆ ತಿರುಗಿಸಿ ಹಿಂದೆಯೂ ಬಣ್ಣ ಗಾಢವಾಗಿದೆಯಾ ನೋಡುತ್ತೇನೆ, ಬರೀ ಪ್ರಿಂಟ್ ಆದರೆ ಹಿಂಬದಿ ಪೇಲವ. ಹಾಗಂತ ಪ್ರಿಂಟ್ ಹಾಕಿಕೊಂಡು ಹೋದರೆ ಯಾರೂ ಏನೂ ಅನ್ನುವುದಿಲ್ಲ.

ಶರ್ಟ್ ಒಗೆದು ವಾಪಸ್ ಕೊಡುತ್ತೇನೆ ಅಂದಾಗ ಇಬು, ಸೋಪಿನ ಪುಡಿ ಹಾಕಬೇಡ, ಬಣ್ಣ ಹೋಗುತ್ತೆ, ಲೆರಕ್ ತಗೋ ಅಂದರು. ಅಂಗಡಿಗೆ ಹೋಗಿ ಒಂದು ಬಾಟಲಿ ತಂದೆ. ಮುಚ್ಚಳ ತೆಗೆದು ಮೂಸಿದರೆ ಗೊತ್ತಿರುವ ವಾಸನೆ. ರಾತ್ರಿ ಅಮ್ಮನಿಗೆ ವಿಡಿಯೋ ಕಾಲ್ ಮಾಡಿ ಬಾಟಲಿ ಮೇಲಿದ್ದ ಕಾಯಿಯ ಚಿತ್ರ ತೋರಿಸಿದೆ.

"ಅಯ್ಯೋ, ಅಂಟುವಾಳಕಾಯಿ ಕಣೋ ಅದು. ಅದಕ್ಕೂ ದುಡ್ಡು ಕೊಟ್ಯಾ?"